ಒನಕೆ ಬೀಳುವವರೆಗೆ

ಹೈಸ್ಕೂಲಿನಲ್ಲಿ ಗ್ರಹಣದ ಪಾಠ ಬಂದಾಗ ನಾನು ಕೈಯಿಂದ ಎರಡು ಬಳೆ ತೆಗೆಯುತ್ತೇನೆ. ಒಂದು ಬಳೆ ಆಕಾಶದಲ್ಲಿ ಸೂರ್ಯ ಸಾಗಿದಂತೆ ಕಾಣುವ ದಾರಿ, ಇನ್ನೊಂದು ಚಂದ್ರನ ದಾರಿ. ಎರಡನ್ನೂ ಒಂದಕ್ಕೊಂದು ಸ್ವಲ್ಪ ಓರೆಯಾಗಿ ಹಿಡಿದರೆ ಎರಡೇ ಕಡೆ ದಾಟುತ್ತವೆ. ಆ ಜಾಗಗಳ ಹತ್ತಿರ ಅಮಾವಾಸ್ಯೆ ಬಿದ್ದರೆ ಸೂರ್ಯಗ್ರಹಣ, ಹುಣ್ಣಿಮೆ ಬಿದ್ದರೆ ಚಂದ್ರಗ್ರಹಣ. ಉಳಿದ ತಿಂಗಳುಗಳಲ್ಲಿ ಚಂದ್ರ ಮೇಲೋ ಕೆಳಗೋ ಜಾರಿ ಹೋಗುತ್ತಾನೆ. ಹಿಂದಿನವರು ಆ ಎರಡು ಜಾಗಗಳಿಗೆ ರಾಹು, ಕೇತು ಎಂದರು. ಅಲ್ಲಿ ಯಾರೂ ಬಾಯಿ ತೆರೆದುಕೊಂಡು ಕೂತಿಲ್ಲ ಕಣ್ರೋ, ಬರೀ ದಾರಿ ಕೂಡುವ ಜಾಗ ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ನಾನು ಬಳೆ ತೊಟ್ಟುಕೊಂಡು ಬಸ್ಸು ಹತ್ತಿ ಯಲ್ದೂರಿನ ಕಡೆಯ ನಮ್ಮ ಮನೆಗೆ ಬರುತ್ತೇನೆ. ಅಲ್ಲಿ ಈ ಪಾಠಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ, ಚಳಿಗಾಲದ ಒಂದು ಬೆಳಿಗ್ಗೆ ಸೂರ್ಯಗ್ರಹಣ ಬಂತು. ನನಗೆ ಆರನೇ ತಿಂಗಳು. ಹಿಂದಿನ ದಿನವೇ ಅತ್ತೆ ಮಾವಿನಕಾಯಿ ಹಣ್ಣಿಗೆ ಹಾಕುವ ಕೋಣೆಯನ್ನು ಗುಡಿಸಿ, ಕಿಟಕಿಗೆ ಗೋಣಿಚೀಲ ಹೊಡೆಸಿದ್ದರು. ಬಸುರಿಯ ಮೇಲೆ ಬೆಳಕಿನ ಒಂದು ಗೆರೆಯೂ ಬೀಳಬಾರದು. ನೀರು ಕುಡಿಯುವಂತಿಲ್ಲ, ಮೈ ಕೆರೆದುಕೊಳ್ಳುವಂತಿಲ್ಲ, ಮಗ್ಗುಲು ಬದಲಾಯಿಸುವಂತಿಲ್ಲ. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಸಿಟ್ಟು ತೋಡಿಕೊಂಡೆ. ಒಂದು ಹೊತ್ತಿನ ಮಾತು, ಅವರು ಹೇಳಿದಂಗೆ ಬಿದ್ದಿರು, ಮನೇಲಿ ಜಗಳ ಯಾಕೆ ಎಂದಳು. ಸರಿ ಎಂದು ಬಿದ್ದಿದ್ದೆ. ಹೆದರಿ ಅಲ್ಲ, ಮನೆ ನೆಮ್ಮದಿಯಾಗಿರಲಿ ಅಂತ.

ಬಾಗಿಲ ಹೊರಗೆ, ನನ್ನ ಚಾಪೆ ಸರಿದರೂ ಕೇಳಿಸುವಷ್ಟು ಹತ್ತಿರ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಗಂಡ ಕಾವಲು ಕೂತರು. ನಡುಮನೆಯಲ್ಲಿ ಅತ್ತೆ ಹಿತ್ತಾಳೆ ತಟ್ಟೆಗೆ ಅರಿಸಿನದ ನೀರು ಹಾಕಿ ಅದರೊಳಗೆ ಒನಕೆ ನಿಲ್ಲಿಸಿದರು. ನಮ್ಮ ಕಡೆ ಇದು ಗ್ರಹಣದ ಗಡಿಯಾರ. ಗ್ರಹಣ ಹಿಡಿದರೆ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟರೆ ತಾನಾಗಿ ಬೀಳುತ್ತದೆ ಎಂದು ನಂಬಿಕೆ. ಆದರೆ ನಮ್ಮ ಮನೆಯ ಒನಕೆ ಹಳೇ ಕಾಲದ್ದು, ದಪ್ಪನೆಯದು. ಅದರ ಬುಡ ಚಪ್ಪಟೆ, ಸುತ್ತ ಕಬ್ಬಿಣದ ಪಟ್ಟಿ. ಅದು ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ.

ಮಧ್ಯಾಹ್ನಕ್ಕೆ ಮುಂಚೆಯೇ ಟಿವಿಯಲ್ಲಿ ಗ್ರಹಣ ಬಿಟ್ಟಿತು ಎಂದರು. ಗೋಡೆಯಾಚೆಯಿಂದ ನನಗೂ ಕೇಳಿಸಿತು. ಪಕ್ಕದ ಮನೆಯವರು ಸ್ನಾನಕ್ಕೆ ನೀರು ಹೊಯ್ದುಕೊಳ್ಳುತ್ತಿದ್ದರು. ಏನ್ರೀ, ಆಯ್ತಲ್ಲ, ಬಾಗಿಲು ತೆಗೀರಿ ಎಂದೆ. ಅವರು ಕೂತಲ್ಲಿಂದಲೇ ತಮ್ಮ ಅಮ್ಮನನ್ನು ಕೂಗಿ ಕೇಳಿ, ಒನಕೆ ಇನ್ನೂ ನಿಂತಿದೆಯಂತೆ ಎಂದರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಮತ್ತೆ ಕೇಳಿದೆ. ಇನ್ನೂ ನಿಂತಿದೆ ಎಂದರು. ಸೂರ್ಯನನ್ನು ಬಿಟ್ಟು ಚಂದ್ರ ತನ್ನ ಪಾಡಿಗೆ ತಾನು ಹೋಗಿದ್ದ. ಡಿಗ್ರಿ ಓದಿದ ನಾನು ಒಂದು ಮರದ ತುಂಡು ಬೀಳಲಿ ಎಂದು ಕತ್ತಲಲ್ಲಿ ಕಾಯುತ್ತಿದ್ದೆ. ಊಟದ ಹೊತ್ತು ಮೀರಿದ ಮೇಲೆ ಮನೆಯ ಹುಂಜ ಕಾಳಿಗೆಂದು ಒಳಗೆ ಬಂದು ತಟ್ಟೆಯ ಅಂಚಿಗೆ ಹಾರಿತು. ಒನಕೆ ದಡಾರನೆ ಬಿತ್ತು. ಆಗ ಚಿಲಕ ತೆಗೆದರು.

ಇಷ್ಟನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಎದ್ದಿರಲಿಲ್ಲ. ಒನಕೆ ಬೀಳುವವರೆಗೂ ಚಾಪೆ ಬಿಟ್ಟು ಕದಲಿರಲಿಲ್ಲ. ಅದಕ್ಕೆ ಸಾಕ್ಷಿ ಒಬ್ಬರೇ, ಬಾಗಿಲಲ್ಲಿ ಕೂತಿದ್ದವರು.

ಮಗಳು ಹುಟ್ಟಿದಾಗ ಮೇಲ್ದುಟಿ ಸೀಳಿತ್ತು. ಅತ್ತೆ ಬಟ್ಟೆ ಸರಿಸಿ ನೋಡಿದರು. "ಗ್ರಹಣಮೊರ್ರಿ" ಎಂದರು. ಸೀಳುತುಟಿಗೆ ನಮ್ಮ ಕಡೆ ತೆಲುಗು ಮಾತಾಡುವವರು ಕರೆಯುವ ಹೆಸರೇ ಅದು. ರೋಗದ ಹೆಸರಿನಲ್ಲೇ ತಾಯಿಯ ಮೇಲೆ ತೀರ್ಪು ಬರೆದಿಟ್ಟಿದ್ದಾರೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಒನಕೆ ಬೀಳೋಕ್ ಮುಂಚೆ ಎದ್ದಿದೀಯ ನೀನು. ಓದಿದೋಳಲ್ವಾ, ಕಿಟಕೀಲಿ ಇಣುಕಿರ್ತೀಯ."

ಇಲ್ಲ ಅತ್ತೆ ಎಂದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ದೇವರಾಣೆ ಎಂದೆ. ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ: ಮಗುವಿನ ತುಟಿ ಕೂಡಿಕೊಳ್ಳುವುದು ಎರಡನೇ ತಿಂಗಳ ಹೊತ್ತಿಗೆ. ಆಗ ಕೂಡದಿದ್ದದ್ದು ಆಮೇಲೆ ಕೂಡುವುದಿಲ್ಲ, ಆಗ ಕೂಡಿದ್ದು ಆಮೇಲೆ ಸೀಳುವುದಿಲ್ಲ. ಗ್ರಹಣ ಬಂದದ್ದು ಆರನೇ ತಿಂಗಳಲ್ಲಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಗಂಡನ ಮುಖ ನೋಡಿ, ನೀವಾದರೂ ಹೇಳಿ, ನಾನು ಚಾಪೆ ಬಿಟ್ಟು ಎದ್ದಿರಲಿಲ್ಲವಲ್ಲ ಎಂದೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತು, ಅಮ್ಮ ಏನೋ ಸಂಕಟಕ್ಕೆ ಅಂತಾರೆ, ಬಿಡು ಈಗ ಎಂದರು. ಅತ್ತೆಯ ಮೇಲೆ ನನಗೆ ಬರೀ ಸಿಟ್ಟು. ಅದು ಬರುತ್ತದೆ, ಹೋಗುತ್ತದೆ. ಆ "ಬಿಡು" ಮಾತ್ರ ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗಿದೆ.

ಆಪರೇಷನ್ ಚೆನ್ನಾಗಿ ಆಯಿತು. ತುಟಿಯ ಮೇಲೆ ಈಗ ಒಂದು ಸಣ್ಣ ಗೆರೆ ಅಷ್ಟೇ. ಆದರೆ ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಆ ಗೆರೆ ನೋಡಿದ ಮೇಲೆ ಒಮ್ಮೆ ನನ್ನ ಕಡೆ ನೋಡುತ್ತಾರೆ. ಊರ ಬಾಯಿ ಮುಚ್ಚುವುದಕ್ಕೆ ನಾನ್ಯಾರು? ನನ್ನ ಮಗಳಿಗೊಂದು ಸತ್ಯ ಗೊತ್ತಿದ್ದರೆ ಸಾಕು ಅಂದುಕೊಂಡೆ. ಮಾತು ಬರುತ್ತಿದ್ದಂತೆ ಬಳೆ ಹಿಡಿದು ಆಟವಾಡಿಸುತ್ತಲೇ ಸೂರ್ಯ, ಚಂದ್ರ, ಭೂಮಿಯನ್ನು ಕಲಿಸಿದೆ.

ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ಮಾವಿನ ಮರಗಳಲ್ಲಿ ಹೀಚು ಕಾಯಿ ಕಟ್ಟುವ ಕಾಲದ ಹುಣ್ಣಿಮೆಗೆ ಚಂದ್ರಗ್ರಹಣ ಬಂತು. ಹುಟ್ಟುವಾಗಲೇ ಗ್ರಹಣ ಹಿಡಿದಿದ್ದ ಚಂದ್ರ. ಅತ್ತೆ ಎಂದಿನಂತೆ ತಟ್ಟೆ, ನೀರು, ಒನಕೆ ಇಟ್ಟರು. ನಾನು ಮಗಳನ್ನು ಮಹಡಿಯ ಮೇಲೆ ಕರೆದುಕೊಂಡು ಹೋದೆ. ಸೂರ್ಯ ಆಗತಾನೆ ಬೆನ್ನ ಹಿಂದೆ ಮುಳುಗಿದ್ದ. ಎದುರಿಗೆ ತೋಪಿನ ಮೇಲೆ, ಒಂದು ಪಕ್ಕ ಮಾಸಿದ ಚಂದ್ರ ಎದ್ದ.

"ಅದು ನಮ್ಮದೇ ನೆರಳು ಅಲ್ವಾ ಅಮ್ಮಾ? ನಾವು ಮಧ್ಯದಲ್ಲಿದೀವಿ."

ನಾನೇ ಹೇಳಿಕೊಟ್ಟದ್ದು, ಆದರೂ ಅವಳ ಬಾಯಲ್ಲಿ ಕೇಳಿ ಜೀವ ತಂಪಾಯಿತು. ನೆರಳಿನ ಅಂಚು ಯಾಕೆ ದುಂಡಗಿದೆ ಎಂದು ಕೇಳಿದೆ. ಭೂಮಿ ದುಂಡಗಿರೋದಕ್ಕೆ ಎಂದಳು. ಸ್ವಲ್ಪ ಹೊತ್ತಿಗೆಲ್ಲ ಚಂದ್ರ ಪೂರ್ತಿ ಬೆಳ್ಳಗಾದ. ಕೆಳಗೆ ಬಂದರೆ ಒನಕೆ ಇನ್ನೂ ನಿಂತಿತ್ತು. ಅವಳು ಅಜ್ಜಿಗೆ ಗ್ರಹಣ ಬಿಟ್ಟುಹೋಯಿತು ಎಂದು ಹೇಳಿ, ಒನಕೆಯನ್ನು ಒಂದೇ ಬೆರಳಿನಲ್ಲಿ ತಳ್ಳಿ ಬೀಳಿಸಿದಳು. ಅತ್ತೆ ಬೈದುಕೊಳ್ಳುತ್ತ ನೀರು ಒರೆಸಿದರು. ನನಗೆ ಒಳಗೊಳಗೇ ಹಬ್ಬ. ಗೆದ್ದೆ ಅಂದುಕೊಂಡೆ.

ಸ್ನಾನ ಮುಗಿಸಿ, ಹೊಸದಾಗಿ ಅಡುಗೆ ಮಾಡಿ ಊಟಕ್ಕೆ ಕೂತೆವು. ಅವಳು ನನ್ನ ಪಕ್ಕ, ಅವಳಪ್ಪ ಎದುರಿಗೆ. ಮುದ್ದೆ ಮುರಿಯುತ್ತ ಕೂತಿದ್ದವಳು ತುಟಿಯ ಮೇಲಿನ ಗೆರೆ ಮುಟ್ಟಿಕೊಂಡು, ಮೆಲ್ಲಗೆ, ಬೈಯುವ ಧಾಟಿಯೇ ಇಲ್ಲದೆ ಕೇಳಿದಳು:

"ಅಮ್ಮಾ, ಅವತ್ತು ನೀನು ಒನಕೆ ಬೀಳೋವರ್ಗೂ ಒಂಚೂರು ತಡ್ಕೋಬೋದಿತ್ತಲ್ವಾ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಪಾಠ ಪೂರ್ತಿ ಕಲಿತಿದ್ದಳು. ಅದರ ಜೊತೆಗೇ, ಅಜ್ಜಿಯ ಮಾತು ನಂಬಿ ನನ್ನನ್ನು ಕ್ಷಮಿಸಿಯೂ ಬಿಟ್ಟಿದ್ದಳು.

"ನಾನು ಎದ್ದಿಲ್ಲ ಕಣೇ" ಎಂದೆ. "ನಿಮ್ಮಪ್ಪನ್ನ ಕೇಳು. ಬಾಗಿಲಲ್ಲಿ ಅವರೇ ಕೂತಿದ್ರು."

ಅವಳು ಅಪ್ಪನ ಕಡೆ ತಿರುಗಿದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸಾರಿನ ಪಾತ್ರೆ ಹಿಡಿದು ನಿಂತಿದ್ದರು. ನನ್ನ ಗಂಡ ಒಮ್ಮೆ ತಾಯಿಯನ್ನು ನೋಡಿದರು, ಆಮೇಲೆ ತಟ್ಟೆ ನೋಡಿದರು.

"ಊಟ ಮಾಡಮ್ಮಾ" ಎಂದರು. "ಮುದ್ದೆ ಆರೋಗುತ್ತೆ."