ವಾಪಸ್ ಬಾರದ ಪ್ಲೇಟುಗಳು

ಕ್ರಿಸ್ಮಸ್ ತಿಂಡಿ ಕರಿಯುವ ಕೆಲಸದಿಂದ ನನ್ನ ಬೆರಳುಗಳು ಎಂದೋ ರಿಸೈನ್ ಮಾಡಿವೆ. ಬಾಯಿ ಮಾತ್ರ ಇನ್ನೂ ಸರ್ವಿಸಿನಲ್ಲಿದೆ. ಕಿಡಿಯೊ, ಕರ್ಜಿಕಾಯಿಯಂಥ ನೆವ್ರಿಗಳನ್ನು ಪ್ಲೇಟಿಗೆ ತುಂಬಿ, ಬಟ್ಟೆ ಕಟ್ಟಿ, ಬಸ್ಸಿನ ಡ್ರೈವರನ ಕೈಯಲ್ಲಿ ಸುಳ್ಯ, ಕಡಬದವರೆಗೆ ಪರಿಚಯದ ಮನೆಗಳಿಗೆ ಕಳಿಸುವುದು ನಮ್ಮ ಕ್ರಮ. ಈ ಸಲ ಕೆಲವು ಮನೆಗಳನ್ನು ಬಿಡಲೇಬೇಕು. ಆನೆಸ್ಟ್ಲಿ, ಸುಸ್ತು.

ಪಕ್ಕದ ಮನೆಯ ಸಫಿಯಾ ಕಾಲೇಜಿನಲ್ಲಿ ಮ್ಯಾಥ್ಸ್ ಕಲಿಸುವವಳು. “ಯಾರನ್ನು ಬಿಡುದು ಅಂತ ನಮ್ಮ ಸಾಫ್ಟ್‌ವೇರೇ ಹೇಳ್ತದೆ ಆಂಟಿ, ನೀವು ಕೂತ್ಕೊಳ್ಳಿ,” ಎಂದು ಲ್ಯಾಪ್‌ಟಾಪ್ ತಂದಳು. ಎಕ್ಸ್, ವೈಗಳನ್ನು ಅಕ್ಷರವಾಗಿಯೇ ಇಟ್ಟುಕೊಂಡು ಆಲ್ಜಿಬ್ರಾ ಬಿಡಿಸುವ ಸಾಫ್ಟ್‌ವೇರ್ ಅದು. ನನ್ನ ನೆವ್ರಿಯ ಮುಂದೆ ತಲೆ ತಗ್ಗಿಸಿ ಕೂತಿತು, ಪಾಪ.

ಈಚಿನ ವರ್ಷಗಳದ್ದಷ್ಟೇ ಸಾಕೆಂದು ಟೇಬಲ್ ಮಾಡಿದಳು. ಒಂದು ಕಾಲಮಿನಲ್ಲಿ ಮನೆ, ಇನ್ನೊಂದರಲ್ಲಿ ಅಲ್ಲಿಂದ ಬಂದದ್ದು. ಈ ಕಡೆ ಯಾರೂ ಪ್ಲೇಟನ್ನು ಖಾಲಿ ಹಿಂತಿರುಗಿಸುವುದಿಲ್ಲವಲ್ಲ. ಈದಿಗೆ ಸಫಿಯಾಳ ಉಮ್ಮನ ಬಿರಿಯಾನಿ, ಚೌತಿಗೆ ಇನ್ನೊಬ್ಬರ ಕಡುಬು. ಒಂದು ಕಮಾಂಡಿಗೆ ಎಣಿಸಿತು, ಇನ್ನೊಂದಕ್ಕೆ ಹೆಸರುಗಳೆಲ್ಲ ಕಾನ್ವೆಂಟ್ ಅಸೆಂಬ್ಲಿಯಂತೆ ಸಾಲಾಗಿ ನಿಂತವು. ಕಟ್ಟಕಡೆಗೆ ಐವರ್ನಾಡಿನ ವನಜಕ್ಕ: ಸೊನ್ನೆ.

“ಇವರು ಔಟ್,” ಎಂದಳು ಸಫಿಯಾ.

ವನಜಕ್ಕ ಮೊದಲು ನಮ್ಮ ನೆರೆಮನೆಯವರು. ಗಂಡ ತೀರಿಕೊಂಡ ಮೇಲೆ ಈ ಕಡೆ ಬರುವುದನ್ನೇ ಬಿಟ್ಟಿದ್ದರು. ಮರೆತರೆಂದು ನಾನೂ ಬಿಗುಮಾನದಲ್ಲಿದ್ದೆ. ಆದರೂ ಆ ಸೊನ್ನೆಯನ್ನು ನೋಡುತ್ತ ಕೂರಲಾಗಲಿಲ್ಲ, ಫೋನ್ ಮಾಡಿದೆ.

“ಅಯ್ಯೋ ಬಾಯಮ್ಮ, ಬೈಬೇಡಿ ಮಾರಾಯ್ರೆ! ನಿಮ್ಮ ಪ್ಲೇಟುಗಳೆಲ್ಲ ಇಲ್ಲೇ ಉಂಟು, ಒಂದರ ಮೇಲೊಂದು. ಇವರು ಹೋದ ಮೇಲೆ ನಾನು ಹಬ್ಬದ ಅಡುಗೆ ಮಾಡ್ಲೇ ಇಲ್ಲ. ಖಾಲಿ ಪ್ಲೇಟ್ ಹಿಡ್ಕೊಂಡು ಹೇಗೆ ಬರುದು?”

ಪ್ಲೇಟು ತುಂಬಲಿಲ್ಲವೆಂದು ಮನುಷ್ಯರೇ ಬಾರದೆ ಕೂತ ಲೆಕ್ಕ ಯಾವ ಕಾಲಮಿನಲ್ಲಿತ್ತು?

“ಖಾಲಿಯೇ ತನ್ನಿ,” ಎಂದೆ. “ನನಗೂ ಕರಿದು ಕರಿದು ಸಾಕಾಗಿದೆ. ಚಹಾ ಮಾತ್ರ ಉಂಟು.”

ಆ ಕಡೆ ಪ್ಲೇಟುಗಳು ಒಂದಕ್ಕೊಂದು ತಾಗಿದ ಸದ್ದು. ಆಮೇಲೆ, “ಸಕ್ಕರೆ ಕಮ್ಮಿ ಹಾಕಿ. ನಂಗೆ ಶುಗರ್ ಉಂಟು.”

ಸಫಿಯಾ ಸೊನ್ನೆಯನ್ನು ಅಳಿಸಿ ಎಕ್ಸ್ ಹಾಕಿದಳು. “ಬೆಲೆ ಗೊತ್ತಿಲ್ಲದಿದ್ರೂ ಈ ಸಾಫ್ಟ್‌ವೇರಿಗೆ ನಡೀತದೆ ಆಂಟಿ.”

ಎಕ್ಸಿನ ಬೆಲೆ ಕಂಡುಹಿಡಿಯದೆ ಬೆಂಚಿನಿಂದ ಏಳಬಾರದೆಂದು ಕಲಿಸಿದ ಕಾನ್ವೆಂಟಿನ ಸಿಸ್ಟರ್ ಕ್ಷಮಿಸಲಿ. ಈ ವಯಸ್ಸಿನಲ್ಲಿ ಎಕ್ಸ್ ಎಕ್ಸಾಗಿಯೇ ಇರಲಿ, ಚಹಾಕ್ಕೆ ಬಂದರಾಯಿತು.