ಸೂಲಗಿತ್ತಿಯ ಕೆಲಸಕ್ಕೆ ಆರಿಸಿದವಳು

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಭೀಮನಬೀಡಿನ ಆಚೆಗಿನ ಒಂದು ಹಳ್ಳಿಗೆ ಸೂಲಗಿತ್ತಿ ಬೇಕಾಗಿತ್ತು. ಆ ಊರಿನವಳನ್ನೇ ಆರಿಸಿ ಚಾಮರಾಜನಗರಕ್ಕೆ ತರಬೇತಿಗೆ ಕಳಿಸುವ ಹೊಣೆ ನನ್ನ ಮೇಲೆ ಬಿತ್ತು.

ಕೆಲಸ ಕೇಳಿಕೊಂಡು ಆಸ್ಪತ್ರೆಗೆ ಬಂದವರಲ್ಲಿ ಅರಿಸಿನದ ಹೊಲದಲ್ಲಿ ಕೂಲಿ ಮಾಡುವ ಎಳೆ ವಯಸ್ಸಿನ ವಿಧವೆಯೊಬ್ಬಳಿದ್ದಳು. ಅವರೊಡನೆ ಮಾತಾಡುತ್ತಿದ್ದಾಗಲೇ ಪಕ್ಕದ ಮಂಚದ ಬಸುರಿಯೊಬ್ಬಳು ನೋವಿನಿಂದ ಕಿರುಚಿಕೊಂಡಳು. ಉಳಿದವರು ಹೊರಗೆ ಸರಿದರು. ಇವಳು ಮಾತ್ರ ಹತ್ತಿರ ಹೋಗಿ ಸೊಂಟ ನೀವುತ್ತಾ ಕೂತಳು. ಇವಳೇ ಸರಿಯೆಂದು ನನಗೆ ಅನಿಸಿತು.

ಊರವರು ಒಪ್ಪಲಿಲ್ಲ. ನಾನೇ ನಡೆದುಹೋಗಿ ಅವಳ ಅತ್ತೆಯನ್ನು ಬೇಡಿಕೊಂಡೆ.

“ಗಂಡನ್ನ ಕಳ್ಕಂಡೋಳು ಬಸ್ರೀನ ಮುಟ್ಟದಾ? ಆಗಕಿಲ್ಲ ಕಣ್ ನರ್ಸಮ್ಮ, ಬೇರೆಯೋರ್ನ ನೋಡು,” ಎಂದಳು ಅತ್ತೆ.

“ನಂಗೆ ಓಗ್ಬೇಕು ಅಂತ ಆಸೆ ಅದೆ,” ಎಂದು ಸೊಸೆ ಬಾಗಿಲ ಹಿಂದಿನಿಂದ ಮೆಲ್ಲಗೆ ಹೇಳಿದಳು. ಅತ್ತೆ ಅವಳತ್ತ ತಿರುಗಿಯೂ ನೋಡಲಿಲ್ಲ.

ಕೊನೆಗೆ ಊರವರು ತೋರಿಸಿದ ಹೆಂಗಸನ್ನೇ ಕಳಿಸಬೇಕಾಯಿತು. ಅವಳು ರಕ್ತ ಕಂಡು ಹೆದರಿ ತರಬೇತಿಯ ನಡುವೆಯೇ ಮನೆಗೆ ಓಡಿಬಂದಳು. ನಾನು ಮತ್ತೆ ಆ ವಿಧವೆಯ ಮಾತೆತ್ತಿದೆ. ಊರಿನ ಜಗಳ ನಮಗೇಕೆ ಎಂದರು ಮೇಲಿನವರು. ಕೆಲಸ ಹಾಗೇ ಖಾಲಿ ಉಳಿಯಿತು.

ಮುಂದೊಂದು ದಿನ ಆ ಹಳ್ಳಿಯಿಂದ ಎತ್ತಿನ ಗಾಡಿ ಬಂತು. ಒಳಗಿದ್ದ ಬಸುರಿ ದಾರಿಯಲ್ಲೇ ತೀರಿಕೊಂಡಿದ್ದಳು. ಆಕೆ ಆ ವಿಧವೆಯ ಓರಗಿತ್ತಿ. ಗಾಡಿಯ ಹಿಂದೆಯೇ ನಡೆದುಬಂದಿದ್ದ ಇವಳು ನನ್ನ ಮುಂದೆ ನಿಂತಳು.

“ಅವಳ್ನ ಮುಟ್ಟಕ್ಕೇ ನನ್ನ ಬುಡ್ನಿಲ್ಲ ಕಣಕ್ಕ,” ಎಂದಳು.