ಉಪ್ಪು ನೋಡೇ

ಸ್ಯಾನ್ ಮಟಿಯೋದ ನಮ್ಮ ಆಫೀಸಿನಲ್ಲಿ ನನ್ನದು ತಕರಾರು ತೆಗೆಯುವ ಕೆಲಸ. ಬೇರೆ ಕಂಪನಿಯವರು ತಮ್ಮ ಸಾಫ್ಟ್‌ವೇರ್ ಮಾರಲು ಬಂದಾಗ ಎದುರಿಗೆ ಕೂತು, ಅದು ಕೊಡುವ ಉತ್ತರ ನಿಜವೋ ಸುಳ್ಳೋ ಎಂದು ಕೆದಕಬೇಕು. ಹೋದ ತಿಂಗಳು ಹೀಗೇ ಒಂದು ಮಧ್ಯಾಹ್ನ, ಪಾಲೋ ಆಲ್ಟೋದಿಂದ ಬಂದಿದ್ದ ಗಡ್ಡದ ಇಂಜಿನಿಯರೊಬ್ಬ ಗಾಳಿಯ ಹರಿವನ್ನು ಲೆಕ್ಕಹಾಕುವ ತಮ್ಮ ಪ್ರೋಗ್ರಾಂ ತೋರಿಸುತ್ತಿದ್ದ. ಇದರ ಜೀವಾಳ ಇಲ್ಲಿದೆ ಎಂದು ಒಂದು ಸ್ಲೈಡು ಹಾಕಿದ. ದಪ್ಪಕ್ಷರದಲ್ಲಿ ನಾಲ್ಕೇ ಇಂಗ್ಲಿಷ್ ಅಕ್ಷರ: ಯು, ಪಿ, ಪಿ, ಯು. ಅವನು ಅದನ್ನು ‘ಯೂಪೂ’ ಎಂದು ಓದಿದ. ಅಪ್‌ವಿಂಡ್ ಪ್ರೆಶರ್ ಪ್ರೊಜೆಕ್ಷನ್ ಅಪ್‌ಡೇಟ್ ಎಂದು ಬಿಡಿಸಿಯೂ ಹೇಳಿದ. ನಾನು ಮಾತ್ರ ಅದನ್ನು ಉಪ್ಪು ಎಂದೇ ಓದಿದೆ.

ಇರಲಾರದು, ಕಾಕತಾಳೀಯ ಎಂದುಕೊಂಡೆ. ಆದರೂ ಸುಮ್ಮನಿರಲಾಗದೆ, ಸೆಟ್ಟಿಂಗುಗಳ ಫೈಲು ತೆರೆದು ತೋರಿಸಿ ಎಂದೆ. ತೆರೆದ. ಮೂರನೆಯ ಸಾಲಿನಲ್ಲಿ ‘ಚಿಟಿಕೆ’ ಇತ್ತು, ಇಂಗ್ಲಿಷ್ ಲಿಪಿಯಲ್ಲಿ. ಇದೇನು ಎಂದು ಕೇಳಿದರೆ, ಬಹಳ ಹಳೆಯ ಹೆಸರು, ಯಾರದೋ ಸರ್‌ನೇಮ್ ಇರಬೇಕು ಎಂದ ಪುಣ್ಯಾತ್ಮ. ನಗು ಬಂತು, ಅದರ ಬೆನ್ನಿಗೇ ಇದನ್ನು ಬರೆದವರು ಯಾರು ಎಂದು ಕೇಳಿದೆ. ಕೊನೆಯ ಸ್ಲೈಡಿನಲ್ಲಿ ವಿಧಾನವನ್ನು ಕಂಡುಹಿಡಿದವರ ಫೋಟೋ. ಅವಳು ನನ್ನ ಗೆಳತಿ. ಅದರ ಹಿಂದಿನ ಶನಿವಾರವಷ್ಟೇ ಅವಳ ಮನೆಯಲ್ಲಿ ಉಂಡು ಬಂದಿದ್ದೆ.

ನಾವಿಬ್ಬರೂ ಯುರೋಪಿನಲ್ಲಿ ಕಂಪ್ಯೂಟೇಶನಲ್ ಇಂಜಿನಿಯರಿಂಗ್ ಮಾಸ್ಟರ್ಸ್ ಓದಿದವರು. ಮೊದಲ ವರ್ಷ ಎಲ್ಲರಿಗೂ ಜರ್ಮನಿ, ಎರಡನೆಯ ವರ್ಷ ಬೇರೆ ಬೇರೆ ದೇಶದ ಯೂನಿವರ್ಸಿಟಿ, ಹಾಗಿತ್ತು ಆ ಕೋರ್ಸು. ನಾನು ಮೈಸೂರಿನವಳು, ಅವಳು ಮಂಡ್ಯದವಳು. ಹಾಸ್ಟೆಲಿನ ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದೆವು. ಅವಳ ಕೈಯ ಹುರುಳಿ ಸಾರು ಬಲು ರುಚಿ, ಉಪ್ಪೊಂದನ್ನು ಬಿಟ್ಟು. ಉಪ್ಪಿನ ಅಂದಾಜೇ ಇರಲಿಲ್ಲ ಅವಳಿಗೆ. ಪ್ರತಿ ದಿನ ಸೌಟು ಹಿಡಿದು ನನ್ನ ರೂಮಿಗೇ ಬಂದು ನಿಲ್ಲುತ್ತಿದ್ದಳು. “ಒಸಿ ಉಪ್ಪು ನೋಡೇ.” ನಾನು ಅಂಗೈಗೆ ಎರಡು ತೊಟ್ಟು ಹಾಕಿಸಿಕೊಂಡು ನೆಕ್ಕಿ ತೀರ್ಪು ಕೊಡಬೇಕು.

ನಮ್ಮ ಓದಿನಲ್ಲೂ ಅದೇ ಗೋಳು. ನೀರೋ ಗಾಳಿಯೋ ಹೇಗೆ ಹರಿಯುತ್ತದೆಂದು ಕಂಪ್ಯೂಟರು ಒಂದೇ ಏಟಿಗೆ ಹೇಳುವುದಿಲ್ಲ. ಒಂದು ಊಹೆ ಮಾಡುತ್ತದೆ, ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಜಾಸ್ತಿ ತಿದ್ದಿದರೆ ಉತ್ತರ ಎಕ್ಕುಟ್ಟಿ ಹೋಗುತ್ತದೆ, ಕಡಿಮೆ ತಿದ್ದಿದರೆ ದಿನಗಟ್ಟಲೆ ಮುಗಿಯುವುದಿಲ್ಲ. ಒಂದು ದಿನ ಅಂಗೈ ನೆಕ್ಕುತ್ತಿರುವಾಗಲೇ ನನಗೆ ಹೊಳೆಯಿತು. ಎಷ್ಟು ತಿದ್ದಬೇಕೆಂದು ನಾವು ಯಾಕೆ ಮೊದಲೇ ಹೇಳಬೇಕು? ಪ್ರತಿ ಹೆಜ್ಜೆಗೂ ಕಂಪ್ಯೂಟರೇ ರುಚಿ ನೋಡಿ ಹಾಕಿಕೊಳ್ಳಲಿ. ಒಂದು ವಾರ ಕೂತು ಬರೆದೆ. ಆ ಭಾಗಕ್ಕೆ ಉಪ್ಪು ಎಂದೇ ಹೆಸರಿಟ್ಟೆ, ಶುರುವಿನಲ್ಲಿ ಹಾಕುವ ಅಳತೆಗೆ ಚಿಟಿಕೆ. ಜರ್ಮನ್ನರಿಗೆ ಅರ್ಥವಾಗಬಾರದೆಂಬ ಕಿಡಿಗೇಡಿತನ ಬೇರೆ. ಅವಳು ನೋಡಿ ಬಿದ್ದು ಬಿದ್ದು ನಕ್ಕಳು.

ಎರಡನೆಯ ವರ್ಷ ನಾನು ಸ್ವೀಡನ್ನಿಗೆ ಹೋದೆ, ಅವಳು ನೆದರ್ಲೆಂಡ್ಸಿಗೆ. ಉಪ್ಪನ್ನೇ ಥೀಸಿಸ್ ಮಾಡಿ, ಮುಂದೆ ಪಿಎಚ್‌ಡಿ ಮಾಡಬೇಕೆಂಬುದು ನನ್ನ ಆಸೆ. ಅವಳ ಪ್ರೊಫೆಸರು ಈ ವಿಷಯದಲ್ಲಿ ದೊಡ್ಡ ಹೆಸರು. “ಕೋಡು ಕಳ್ಸು, ಅವ್ರಿಗೆ ತೋರುಸ್ತೀನಿ” ಎಂದಳು. ಕಳಿಸಿದೆ. ಹದಿನೈದು ದಿನ ಬಿಟ್ಟು ಫೋನು ಮಾಡಿದಳು.

“ಅದ್ರಲ್ಲಿ ಹೊಸದೇನೂ ಇಲ್ವಂತೆ ಕಣೇ. ಎಲ್ಲಾ ಮೊದ್ಲೇ ಮಾಡವ್ರಂತೆ. ಬುಡತ್ಲಾಗೆ.”

ಬಿಟ್ಟೆ. ಕೂತು ಅತ್ತೆ, ಬಿಟ್ಟೆ. ಯಾರೋ ಹೇಳಿದ ಸಪ್ಪೆ ವಿಷಯದ ಮೇಲೆ ಥೀಸಿಸ್ ಬರೆದು ಮುಗಿಸಿದೆ. ಅವಳ ಥೀಸಿಸ್ ಯಾವುದೋ ಕಂಪನಿಯ ಜೊತೆಗಿನ ಕೆಲಸ, ಗುಟ್ಟು, ಹೊರಗೆ ತೋರಿಸುವಂತಿಲ್ಲ ಎಂದಳು, ನಾನೂ ಕೇಳಲಿಲ್ಲ. ಅವಳು ಅದೇ ಪ್ರೊಫೆಸರ ಹತ್ತಿರ ಪಿಎಚ್‌ಡಿಗೆ ಸೇರಿದಾಗ ನಿಜವಾಗಿ ಸಂತೋಷಪಟ್ಟವಳು ನಾನು. ಅವಳಿಗೆ ತಲೆಯಿದೆ, ನನಗಿಲ್ಲ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಆ ಮಾತನ್ನು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಆಮೇಲೆ ಎಲ್ಲೂ ಹೊಸದೊಂದನ್ನು ಯೋಚಿಸುವ ಗೋಜಿಗೇ ಹೋಗಲಿಲ್ಲ. ಬೇರೆಯವರದರಲ್ಲಿ ತಪ್ಪು ಹುಡುಕುವ ಕೆಲಸ ಹಿಡಿದೆ. ಕೊನೆಗೆ ಇಬ್ಬರೂ ಈ ಊರುಗಳಿಗೇ ಬಂದು ಸೇರಿದೆವು. ಅವಳು ಪಾಲೋ ಆಲ್ಟೋದ ಆ ಕಂಪನಿ ಸೇರಿದಳು, ಪಿಎಚ್‌ಡಿಯ ಹಾಗೆ ಅಲ್ಲಿನ ಕೆಲಸವೂ ಗುಟ್ಟು ಎನ್ನುತ್ತಿದ್ದಳು. ನನ್ನ ಮಗಳು ಅವಳನ್ನು ದೊಡ್ಡಮ್ಮ ಎನ್ನುತ್ತಾಳೆ.

ಮೀಟಿಂಗು ಮುಗಿದ ವಾರ ನಾನು ಮನುಷ್ಯಳಾಗಿರಲಿಲ್ಲ. ಕಂಡಕಂಡವರ ಮೇಲೆ ಹಾರಿಬೀಳುತ್ತಿದ್ದೆ. ಶನಿವಾರ ಬೆಳಿಗ್ಗೆ ಕ್ಯುಪರ್ಟಿನೋದ ಅವಳ ಮನೆಗೆ ಹೋದೆ. ಅವಳು ಒಲೆಯ ಮುಂದಿದ್ದಳು.

“ಬಂದ್ಯಾ? ಬಾ ಬಾ. ಒಸಿ ಉಪ್ಪು ನೋಡೇ” ಎಂದು ಸೌಟು ಚಾಚಿದಳು. ಅಭ್ಯಾಸಬಲ ನೋಡಿ, ನಾನೂ ಅಂಗೈ ಒಡ್ಡಿದೆ, ನೆಕ್ಕಿದೆ. ಆಮೇಲೆ ಕೇಳಿದೆ.

“ಯೂಪೂ ಅಂದ್ರೆ ಏನೇ?”

ಅವಳ ಕೈ ಅಲ್ಲೇ ನಿಂತಿತು. “ಯಾರು ಹೇಳಿದ್ರು?”

“ನಿಮ್ಮೋರೇ ನಮ್ಮ ಆಫೀಸಿಗೆ ಬಂದಿದ್ರು. ಅಪ್‌ವಿಂಡ್ ಅಂತೆ, ಪ್ರೊಜೆಕ್ಷನ್ ಅಂತೆ! ಉಪ್ಪಿಗೆ ಸೂಟು ಬೂಟು ಹಾಕಿ ಕೂರಿಸಿದ್ದೀಯಲ್ಲೇ.”

ಅವಳು ನಗಲು ನೋಡಿದಳು. ನಗು ಬರಲಿಲ್ಲ. “ಹೆಸ್ರು ಬದಲಾಯ್ಸೋಣ ಅಂತಾನೇ ಇದ್ದೆ ಕಣೇ. ಅಷ್ಟೊತ್ತಿಗೆ ಎಲ್ಲಾ ಕಡೆ ಸೇರ್ಕಂಡ್‌ಬುಟ್ಟಿತ್ತು. ಕೇಳ್ದೋರಿಗೆ ಏನಾದ್ರೂ ಹೇಳ್ಬೇಕಲ್ಲ.”

“ಹೆಸರಿನ ಜಗಳಕ್ಕೆ ಬಂದಿಲ್ಲ ನಾನು.”

“ನೀನೇ ಬುಟ್ಟಿದ್ದಲ್ವಾ? ನೀನು ಬುಟ್ಟಿದ್ದನ್ನ ನಾನು ಎತ್ಕಂಡೆ, ಬೆಳೆಸ್ದೆ. ಎಷ್ಟ್ ಕಷ್ಟಪಟ್ಟಿದೀನಿ ಗೊತ್ತಾ ನಿಂಗೆ?”

“ಬುಡತ್ಲಾಗೆ ಅಂದಿದ್ದು ಯಾರು?”

ಅವಳು ಒಲೆ ಆರಿಸಿದಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಕಿರುಚಬೇಕು, ಆ ಪಾತ್ರೆಯನ್ನು ಎತ್ತಿ ಸಿಂಕಿಗೆ ಸುರಿಯಬೇಕು ಎನ್ನಿಸುತ್ತಿತ್ತು ನನಗೆ. ಆದರೆ ಒಂದು ಮಾತು ತಿಳಿಯದೆ ಅಲ್ಲಿಂದ ಹೊರಡುವ ಹಾಗಿರಲಿಲ್ಲ.

“ಒಂದೇ ಒಂದು ಹೇಳ್ಬಿಡು, ಹೋಗ್ತೀನಿ. ನಿಮ್ಮ ಪ್ರೊಫೆಸರು ಅದನ್ನ ಓದಿದ್ರಾ? ನಿಜವಾಗ್ಲೂ ಹೊಸದೇನೂ ಇಲ್ಲ ಅಂದ್ರಾ?”

ಒರೆಸುವ ಬಟ್ಟೆಯನ್ನು ಮಡಿಸಿ ಬದಿಗಿಟ್ಟಳು. ಆಮೇಲೆ, ನನ್ನ ಮುಖ ನೋಡದೆ, ಹೇಳಿದಳು.

“ಓದುದ್ರು. ಮಾರನೇ ದಿನ್ವೇ ಕರ್ಸುದ್ರು. ಇದನ್ನ ಯಾರು ಬರ್ದಿದ್ದು, ಅವ್ರು ನನ್ ಹತ್ರ ಪಿಎಚ್‌ಡಿಗೆ ಬತ್ತಾರಾ ಅಂತ ಕೇಳುದ್ರು.”

ಅದಕ್ಕೆ ನೀನೇನಂದೆ ಎಂದು ನಾನು ಕೇಳಲಿಲ್ಲ. ಅವಳ ಪಿಎಚ್‌ಡಿ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಊಟದ ಟೇಬಲಿನ ಹಿಂದಿನ ಗೋಡೆಯಲ್ಲೇ ಇದೆ. ಅದರ ಕೆಳಗೆ ಕೂತು, ಬಡಿಸಿದ್ದನ್ನೆಲ್ಲ ಹೊಗಳಿಕೊಂಡು ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ.

ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಹಿಂದೆ ಬಂದು “ಉಂಡ್ಕಂಡು ಹೋಗೇ” ಎಂದಳು. ಸಾರಿಗೆ ಉಪ್ಪು ಸಾಲದಾಗಿತ್ತು. ನಾನು ಹೇಳಲಿಲ್ಲ.